ಯಾರೋ, ಯಾರಾದರೂ, ಯಾರೂ: ಪೋಲಿಷ್ ಕಲಿಯುವವರಿಗೆ ಕನ್ನಡದ ಒಳದಾರಿ

ಪ್ರಶ್ನೆ: ನಾನು ಗೋಕಾಕದವಳು. ಬೆಳಗಾವಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದು, ಬರುವ ಅಕ್ಟೋಬರಿನಲ್ಲಿ ಹೆಚ್ಚಿನ ಓದಿಗಾಗಿ ಪೋಲೆಂಡಿಗೆ ಹೋಗಲಿದ್ದೇನೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತದೆಯಾದರೂ ಅಂಗಡಿ, ಬಸ್ಸು, ಬಾಡಿಗೆ ಮನೆಯ ವ್ಯವಹಾರಕ್ಕೆಂದು ಮೊಬೈಲ್ ಆ್ಯಪ್ ಒಂದರಲ್ಲಿ ಇಂಗ್ಲಿಷಿನ ಮೂಲಕ ಪೋಲಿಷ್ ಕಲಿಯುತ್ತಿದ್ದೇನೆ. ಇಂಗ್ಲಿಷಿನ ‘ಎನಿಒನ್’ ಎಂಬ ಒಂದೇ ಪದಕ್ಕೆ ಅದು ಒಮ್ಮೆ ‘ಕ್ತೋಶ್’ ಎನ್ನುತ್ತದೆ, ಒಮ್ಮೆ ‘ನಿಕೋಗೊ’ ಎನ್ನುತ್ತದೆ, ಇನ್ನೊಮ್ಮೆ ‘ಕಾಝ್ದಿ’ ಎನ್ನುತ್ತದೆ. ನಿಘಂಟಿನಲ್ಲಿ ಸಿಕ್ಕ ‘ಕ್ತೊಕೋಲ್ವ್ಯೆಕ್’ ಎಂಬುದನ್ನು ನಾನು ಬರೆದಾಗಲೆಲ್ಲ ಬಹುತೇಕ ತಪ್ಪಾಗುತ್ತದೆ. ಇದಕ್ಕೆ ನಿಯಮವೇನಾದರೂ ಇದೆಯೇ?

ಉತ್ತರ: ಗೋಕಾಕದಿಂದ ಘಟಪ್ರಭಾಕ್ಕೆ ಹೋಗಬೇಕಾದವರು ಬಸ್ಸಿನಲ್ಲಿ ಬೆಳಗಾವಿಗೆ ಬಂದು, ಇಲ್ಲಿ ರೈಲು ಹತ್ತಿ ಘಟಪ್ರಭಾದಲ್ಲಿ ಇಳಿದರೆ ಹೇಗಿರುತ್ತದೆಯೋ ನಿಮ್ಮ ಕಲಿಕೆಯ ದಾರಿಯೂ ಸದ್ಯಕ್ಕೆ ಹಾಗಿದೆ. ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲಿಯೇ ನೀವು ‘ನಿಯಮವೇನಾದರೂ’ ಎಂದು ಬರೆದಿದ್ದೀರಿ. ‘ನಿಯಮವೇನೋ’ ಎಂದಾಗಲಿ ‘ನಿಯಮವೇನೂ’ ಎಂದಾಗಲಿ ಬರೆಯಲಿಲ್ಲ. ಆ ಆಯ್ಕೆಯನ್ನು ಯಾರೂ ನಿಮಗೆ ಶಾಲೆಯಲ್ಲಿ ಕಲಿಸಿರಲಿಕ್ಕಿಲ್ಲ. ಪೋಲಿಷ್ ಭಾಷೆ ಕೇಳುವುದು ಹೆಚ್ಚುಕಡಿಮೆ ಇದೇ ಆಯ್ಕೆಯನ್ನು. ಇಂಗ್ಲಿಷು ಅದನ್ನು ‘ಎನಿ’ ಎಂಬ ಒಂದೇ ಚೀಲದಲ್ಲಿ ತುಂಬಿಬಿಟ್ಟಿದೆ.

ಮೊದಲು ಪದಗಳು ಹುಟ್ಟುವ ಬಗೆಯನ್ನು ನೋಡಿ. ಇಂಗ್ಲಿಷಿನವರು ‘ಸಮ್’, ‘ಎನಿ’, ‘ನೋ’, ‘ಎವ್ರಿ’ ಎಂಬ ನಾಲ್ಕು ತಲೆಗಳಿಗೆ ‘ಒನ್’, ‘ಬಡಿ’, ‘ಥಿಂಗ್’ ಎಂಬ ಹೆಸರುಗಳನ್ನು ಜೋಡಿಸಿ ಸಮ್‌ಒನ್, ಎನಿಬಡಿ, ನಥಿಂಗ್ ಎಂಬ ಪದಗಳನ್ನು ಮಾಡಿಕೊಂಡಿದ್ದಾರೆ. ಕನ್ನಡದಲ್ಲಿ ಹಾಗಿಲ್ಲ. ನಾವು ‘ಯಾರು’, ‘ಏನು’, ‘ಎಲ್ಲಿ’, ‘ಯಾವಾಗ’ ಎಂಬ ಪ್ರಶ್ನೆಯ ಪದವನ್ನೇ ಹಿಡಿದು, ಅದಕ್ಕೆ ‘ಓ’, ‘ಆದರೂ’, ‘ಊ’ ಎಂಬ ಬಾಲ ಹಚ್ಚಿ ಯಾರೋ, ಯಾರಾದರೂ, ಯಾರೂ ಎನ್ನುತ್ತೇವೆ. ಪೋಲಿಷ್ ಕೂಡ ಪ್ರಶ್ನೆಯ ಪದದಿಂದಲೇ ಹೊರಡುತ್ತದೆ. ‘ಕ್ತೊ’ ಎಂದರೆ ಯಾರು, ‘ಕ್ತೋಶ್’ ಎಂದರೆ ಯಾರೋ. ‘ತ್ಸೊ’ ಎಂದರೆ ಏನು, ‘ತ್ಸೋಶ್’ ಎಂದರೆ ಏನೋ. ‘ಗ್ಜೆ’ ಎಂದರೆ ಎಲ್ಲಿ, ‘ಗ್ಜೆಶ್’ ಎಂದರೆ ಎಲ್ಲೋ. ನಮ್ಮ ‘ಓ’ ಮಾಡುವ ಕೆಲಸವನ್ನು ಅಲ್ಲಿ ಆ ಪುಟ್ಟ ‘ಶ್’ ಮಾಡುತ್ತದೆ. ಬರವಣಿಗೆಯಲ್ಲಿ ಅದು ರೋಮನ್ ಲಿಪಿಯ ಎಸ್ ಅಕ್ಷರ, ಅದರ ತಲೆಯ ಮೇಲೊಂದು ಸಣ್ಣ ಓರೆಗೀಟು, ಅಷ್ಟೆ. ಪೋಲಿಷಿನಲ್ಲಿ ಇದಕ್ಕಿಂತ ಗಡುಸಾದ ಇನ್ನೊಂದು ಊಷ್ಮ ಧ್ವನಿಯೂ ಇದ್ದು, ಅದನ್ನು ಎಸ್ ಮತ್ತು ಝಡ್ ಕೂಡಿಸಿ ಬರೆಯುತ್ತಾರೆ. ಇವೆರಡರ ವ್ಯತ್ಯಾಸ ಇಂಗ್ಲಿಷ್ ಮಾತಿನವರಿಗೆ ಬೇಗ ಹಿಡಿಯುವುದಿಲ್ಲ; ನಮಗಾದರೆ ‘ಶ’ ಮತ್ತು ‘ಷ’ ಎಂದು ಎರಡು ಅಕ್ಷರಗಳೇ ಇವೆ. ಎರಡನ್ನೂ ಬೇರೆಬೇರೆಯಾಗಿ ಉಚ್ಚರಿಸುವವರು ನಮ್ಮಲ್ಲಿ ಕಡಿಮೆಯಾಗುತ್ತಿದ್ದಾರೆ ಎಂಬುದು ಬೇರೆ ಮಾತು.

ಈಗ ನಿಮ್ಮ ‘ಎನಿಒನ್’ ವಿಷಯಕ್ಕೆ ಬರೋಣ. ಆ ಪದ ಬರುವ ಯಾವುದೇ ಇಂಗ್ಲಿಷ್ ವಾಕ್ಯ ಎದುರಾದಾಗ ಪೋಲಿಷಿಗೆ ಹಾರುವ ಮೊದಲು ಅದನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ‘ಡಿಡ್ ಎನಿಒನ್ ಕಾಲ್’ ಎಂಬುದು ‘ಯಾರಾದರೂ ಫೋನ್ ಮಾಡಿದ್ದರೇ’ ಎಂದಾಗುತ್ತದೆ. ಪೋಲಿಷಿನಲ್ಲಿ ಇಲ್ಲಿ ಬರುವುದು ಸಾದಾ ‘ಕ್ತೋಶ್’: ‘ಚಿ ಕ್ತೋಶ್ ದ್ಜ್ವೋನಿವ್?’ ಇದರಲ್ಲಿ ಮೊದಲಿಗೆ ಬಂದ ‘ಚಿ’ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯ ಗುರುತು. ‘ಐ ಡಿಡಂಟ್ ಸೀ ಎನಿಒನ್’ ಎಂಬುದು ‘ನಾನು ಯಾರನ್ನೂ ನೋಡಲಿಲ್ಲ’ ಎಂದಾಗುತ್ತದೆ. ಇಲ್ಲಿ ‘ಊ’ ಬಂದಿತು, ವಾಕ್ಯದ ಕೊನೆಯಲ್ಲಿ ‘ಇಲ್ಲ’ವೂ ಬಂದಿತು, ಆದ್ದರಿಂದ ಪೋಲಿಷಿನಲ್ಲಿ ‘ನಿ’ ಎಂದು ಮೊದಲಾಗುವ ಪದವನ್ನೇ ಹಾಕಬೇಕು, ಅದೇ ನೀವು ಕಂಡ ‘ನಿಕೋಗೊ’. ‘ಎನಿಒನ್ ಕ್ಯಾನ್ ಡೂ ಇಟ್’ ಎಂಬುದನ್ನು ಮಾತ್ರ ನಾವು ‘ಯಾರು ಬೇಕಾದರೂ ಮಾಡಬಹುದು’ ಎಂದು ‘ಬೇಕು’ ಸೇರಿಸಿ ಹೇಳುತ್ತೇವೆ. ಆ ‘ಬೇಕಾದರೂ’ ಬಾಯಿಗೆ ಬಂದ ಕಡೆ ಪೋಲಿಷರು ಸಾಮಾನ್ಯವಾಗಿ ‘ಪ್ರತಿಯೊಬ್ಬ’ ಎಂಬ ಅರ್ಥದ ‘ಕಾಝ್ದಿ’ಯನ್ನು ಬಳಸಿ, ‘ಕಾಝ್ದಿ ಮೋಝೆ ತೊ ಜ್ರೋಬಿಚ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಒಂದೇ ಆಗಿ ಕಂಡದ್ದು ಕನ್ನಡದಲ್ಲಿಯೂ ಮೂರು, ಪೋಲಿಷಿನಲ್ಲಿಯೂ ಮೂರು.

ಹಾಗೆಂದು ಕನ್ನಡದ ಬಾಲಕ್ಕೆ ಪೋಲಿಷಿನ ಬಾಲವನ್ನು ಒಂದಕ್ಕೊಂದು ಗಂಟು ಹಾಕಲು ಹೋಗಬೇಡಿ. ನಮ್ಮ ‘ಆದರೂ’ ಮತ್ತು ಅವರ ‘ಕೋಲ್ವ್ಯೆಕ್’ ನೋಡಲು ಅಣ್ಣತಮ್ಮಂದಿರಂತೆ ಕಂಡರೂ ನೀವು ಎಡವುತ್ತಿರುವುದು ಇಲ್ಲಿಯೇ ಎಂದು ನನ್ನ ಊಹೆ. ನಾವು ಪ್ರಶ್ನೆ ಕೇಳುವಾಗಲೂ (‘ಯಾರಾದರೂ ಬಂದರೇ’), ಷರತ್ತು ಹೇಳುವಾಗಲೂ (‘ಯಾರಾದರೂ ಬಂದರೆ ತಿಳಿಸು’), ಬೇಡಿಕೆ ಇಡುವಾಗಲೂ (‘ಯಾರಾದರೂ ಸಹಾಯ ಮಾಡಿರಿ’) ‘ಯಾರಾದರೂ’ ಎನ್ನುತ್ತೇವೆ; ಪೋಲಿಷರಿಗೆ ಈ ಮೂರೂ ಕಡೆ ‘ಕ್ತೋಶ್’ ಸಾಕು. ಬೆಳಗಾವಿಯ ಮನೆಗಳಲ್ಲಿ ಬಂದವರನ್ನು ‘ಏನರೇ ತಿಂತೀರೇನ್ರಿ’ ಎಂದು ಕೇಳುತ್ತೇವಲ್ಲ, ಆ ‘ಏನರೇ’ ಕೂಡ ಅಲ್ಲಿ ‘ತ್ಸೋಶ್’ ಎಂದೇ ಆಗುತ್ತದೆ. ಹಾಗಾದರೆ ‘ಕ್ತೊಕೋಲ್ವ್ಯೆಕ್’ ಎಲ್ಲಿ ಬರುತ್ತದೆ? ‘ಯಾರೇ ಫೋನ್ ಮಾಡಲಿ, ನಾನು ಮನೆಯಲ್ಲಿಲ್ಲ ಎಂದು ಹೇಳು’ ಎನ್ನುವಾಗಿನ ‘ಯಾರೇ’ ಎಂಬಲ್ಲಿ ಬರುತ್ತದೆ. ‘ಬೇರೆ ಯಾರಿಗಿಂತಲೂ ಹೆಚ್ಚು’ ಎಂಬಂಥ ಹೋಲಿಕೆಯಲ್ಲಿಯೂ ಬರುತ್ತದೆ. ಪ್ರಶ್ನೆಯಲ್ಲಿ ಅದನ್ನು ತಂದರೆ ಅರ್ಥಕ್ಕೆ ಒಂದು ಒತ್ತು ಬೀಳುತ್ತದೆ. ‘ಯಾರಾದರೂ ಫೋನ್ ಮಾಡಿದ್ದರೇ’ ಎಂಬುದು ‘ಒಬ್ಬರಾದರೂ ಫೋನ್ ಮಾಡಿದರೇ’ ಎಂದಾಗುತ್ತದೆ. ಬಾಡಿಗೆ ಮನೆಯ ಒಡತಿಯನ್ನು ದಿನವೂ ಹಾಗೆ ಕೇಳಿದರೆ ನಿಮ್ಮನ್ನು ಯಾರೂ ವಿಚಾರಿಸುವುದಿಲ್ಲ ಎಂದು ಕೊರಗುತ್ತಿದ್ದೀರಿ ಎಂದು ಆಕೆ ತಿಳಿದಾಳು.

ವಿಭಕ್ತಿಗಳ ವಿಷಯದಲ್ಲಿ ಕನ್ನಡದವರಿಗೆ ಇನ್ನೊಂದು ಅನುಕೂಲವಿದೆ. ಪೋಲಿಷಿನಲ್ಲಿ 7 ವಿಭಕ್ತಿಗಳಿದ್ದು, ಈ ಪದಗಳೂ ಅವುಗಳಿಗೆ ತಕ್ಕಂತೆ ರೂಪ ಬದಲಿಸುತ್ತವೆ. ಇಂಗ್ಲಿಷಿನಿಂದ ಬಂದವರು ಇದನ್ನು ಕಂಡು ಹೆದರುತ್ತಾರೆ, ಏಕೆಂದರೆ ಅವರ ‘ಸಮ್‌ಒನ್’ ಎಲ್ಲಿ ನಿಂತರೂ ‘ಸಮ್‌ಒನ್’ ಆಗಿಯೇ ಇರುತ್ತದೆ. ನಾವು ‘ಯಾರಿಗೋ’ ಎನ್ನುವಾಗ ಮೊದಲು ‘ಯಾರಿಗೆ’ ಎಂದು ವಿಭಕ್ತಿ ಹಚ್ಚಿ ಆಮೇಲೆ ‘ಓ’ ಸೇರಿಸುತ್ತೇವೆ. ‘ಯಾರೋಗೆ’ ಎಂದು ಕನಸಿನಲ್ಲಿಯೂ ಅನ್ನುವುದಿಲ್ಲ. ಪೋಲಿಷರೂ ಹಾಗೆಯೇ ‘ಕೋಮು’, ಅಂದರೆ ‘ಯಾರಿಗೆ’, ಎಂಬುದನ್ನು ಮೊದಲು ಮಾಡಿಕೊಂಡು, ಅದರ ಕೊನೆಗೆ ‘ಶ್’ ಹಚ್ಚಿ ‘ಕೋಮುಶ್’ ಎನ್ನುತ್ತಾರೆ. ‘ಕೋಗೊ’ ಎಂದರೆ ಯಾರನ್ನು, ‘ಕೋಗೊಶ್’ ಎಂದರೆ ಯಾರನ್ನೋ. ಉದ್ದ ಬಾಲಕ್ಕೂ ಇದೇ ಕ್ರಮ: ‘ಕೊಮುಕೋಲ್ವ್ಯೆಕ್’. ಪ್ರಶ್ನೆಪದದ ರೂಪಗಳನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡರೆ ಉಳಿದದ್ದೆಲ್ಲ ಅದಕ್ಕೆ ಹಚ್ಚುವ ಬಾಲದ ಕೆಲಸ.

ಕ್ರಿಯಾಪದದ ಲಿಂಗದ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಕ್ತೋಶ್’ ಮತ್ತು ‘ಯಾರೂ’ ಎಂಬ ಅರ್ಥದ ‘ನಿಕ್ತ್’ ಯಾವಾಗಲೂ ಪುಲ್ಲಿಂಗ ಏಕವಚನವನ್ನೇ ಬೇಡುತ್ತವೆ. ಫೋನ್ ಮಾಡಿದವರು ನಿಮ್ಮ ಅವ್ವನೇ ಆಗಿದ್ದರೂ, ಹೆಸರು ಹೇಳದೆ ‘ಯಾರೋ ಫೋನ್ ಮಾಡಿದ್ದರು’ ಎನ್ನುವಾಗ ‘ದ್ಜ್ವೋನಿವ್’ ಎಂಬ ಗಂಡಸಿನ ರೂಪವೇ ಬರಬೇಕು. ‘ದ್ಜ್ವೊನೀವಾ’ ಎಂಬ ಹೆಂಗಸಿನ ರೂಪ ಸಲ್ಲದು. ನಮ್ಮಲ್ಲಿ ‘ಯಾರೋ ಬಂದಿದ್ದರು’ ಎಂದು ಬಹುವಚನದಲ್ಲಿ ಗೌರವವನ್ನೂ ಕಾಯ್ದು ಲಿಂಗದ ಗೊಡವೆಯನ್ನೂ ತಪ್ಪಿಸಿಕೊಂಡಿದ್ದೇವೆ. ನನಗೆ ಕನ್ನಡದ ಈ ಜಾಣತನ ಹೆಚ್ಚು ಮೆಚ್ಚುಗೆ. ಇನ್ನು ‘ಕಾಝ್ದಿ’ ಏಕವಚನದ್ದಾದರೆ ‘ಎಲ್ಲರೂ’ ಎಂಬ ಅರ್ಥದ ‘ಫ್ಷಿಸ್ತ್ಸಿ’ ಬಹುವಚನದ್ದು. ಇಂಗ್ಲಿಷಿನ ‘ಎವ್ರಿಒನ್’ ಇವೆರಡಕ್ಕೂ ಸಲ್ಲುವುದರಿಂದ ಅಲ್ಲಿಯೂ ‘ಪ್ರತಿಯೊಬ್ಬ’ನೋ ‘ಎಲ್ಲರೂ’ ಅನ್ನುವುದೋ ಎಂದು ಕನ್ನಡದಲ್ಲಿಯೇ ತೀರ್ಮಾನಿಸಿಕೊಂಡು ಮುಂದೆ ಹೋಗಿರಿ.

ಪ್ರಶ್ನೆ: ನಾನು ಬೈಲಹೊಂಗಲ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ಯಾರೂ ಬರಲಿಲ್ಲ’ ಎಂಬುದನ್ನು ಇಂಗ್ಲಿಷಿಗೆ ತರಲು ಹೇಳಿದರೆ ಅರ್ಧ ತರಗತಿ ‘ಎನಿಒನ್ ಡಿಡ್ ನಾಟ್ ಕಮ್’ ಎಂದು ಬರೆಯುತ್ತದೆ, ಉಳಿದವರು ‘ನೋಬಡಿ ಡಿಡ್ ನಾಟ್ ಕಮ್’ ಎಂದು ಬರೆಯುತ್ತಾರೆ. ಎರಡು ನಿಷೇಧ ಸೇರಿದರೆ ಹೌದು ಎಂದಾಗುತ್ತದೆ ಎಂದು ಗಣಿತದ ಉದಾಹರಣೆ ಕೊಟ್ಟು ತಿದ್ದುತ್ತೇನೆ. ಆದರೆ ಪೋಲಿಷಿನಂಥ ಭಾಷೆಗಳಲ್ಲಿ ಎರಡೆರಡು ನಿಷೇಧ ಬರುತ್ತದೆಂದು ಕೇಳಿದೆ. ಹಾಗಾದರೆ ಅವರ ಲೆಕ್ಕ ಹೇಗೆ?

ಉತ್ತರ: ಗುರುಗಳೇ, ಗಣಿತದ ಉದಾಹರಣೆಯನ್ನು ಕೈಬಿಡುವುದು ಒಳ್ಳೆಯದೆಂದು ನನಗೆ ತೋರುತ್ತದೆ. ಎರಡು ನಿಷೇಧ ಕೂಡಿದರೆ ಹೌದು ಎಂಬ ಮಾತು ಇಂದಿನ ಶಿಷ್ಟ ಇಂಗ್ಲಿಷಿನ ಕಟ್ಟಳೆ; 18ನೆಯ ಶತಮಾನದ ಇಂಗ್ಲಿಷ್ ವ್ಯಾಕರಣಕಾರರು ಅದನ್ನು ಬಿಗಿಯಾಗಿ ಹೇಳಿದರು. 14ನೆಯ ಶತಮಾನದ ಕವಿ ಚಾಸರ್ ಒಂದೇ ವಾಕ್ಯದಲ್ಲಿ ಎರಡು, ಮೂರು ನಿಷೇಧಗಳನ್ನು ನಿರಾತಂಕವಾಗಿ ಬಳಸುತ್ತಿದ್ದನು, ಓದುಗರು ಅದನ್ನು ಇಲ್ಲವೆಂದೇ ತಿಳಿಯುತ್ತಿದ್ದರು.

ಪೋಲಿಷಿನಲ್ಲಿ ಎರಡನೆಯ ನಿಷೇಧ ಇರಲೇಬೇಕು. ‘ನಿಕ್ತ್’ ಎಂದರೆ ಯಾರೂ, ‘ನಿತ್ಸ್’ ಎಂದರೆ ಏನೂ, ‘ನಿಗ್ಜೆ’ ಎಂದರೆ ಎಲ್ಲಿಯೂ, ‘ನಿಗ್ದಿ’ ಎಂದರೆ ಎಂದೂ. ಇವುಗಳಲ್ಲಿ ಯಾವುದು ಬಂದರೂ ಕ್ರಿಯಾಪದಕ್ಕೆ ಮೊದಲು ‘ನ್ಯೆ’ ಎಂಬ ಇಲ್ಲ ನಿಲ್ಲಬೇಕು. ‘ನಿಕ್ತ್ ನ್ಯೆ ವ್ಯೆ’ ಎಂದರೆ ಯಾರಿಗೂ ಗೊತ್ತಿಲ್ಲ. ಎರಡೇ ಏಕೆ, ‘ನಿಕ್ತ್ ನಿಕೋಮು ನಿತ್ಸ್ ನ್ಯೆ ಮೂವಿ’ ಎಂಬಲ್ಲಿ ನಾಲ್ಕು ನಿಷೇಧಗಳು ಸಾಲಾಗಿ ಕುಳಿತಿವೆ. ಅದನ್ನು ಪದಕ್ಕೆ ಪದವಿಟ್ಟು ಕನ್ನಡ ಮಾಡಿ: ಯಾರೂ, ಯಾರಿಗೂ, ಏನೂ, ಹೇಳುವುದಿಲ್ಲ. ಪದಗಳ ಕ್ರಮವೂ ಕದಲುವುದಿಲ್ಲ. ಇದೇ ವಾಕ್ಯವನ್ನು ಇಂಗ್ಲಿಷಿಗೆ ತರಲು ಹೋದರೆ ಮೊದಲ ಪದ ‘ನೋಬಡಿ’ ಆಗಿ, ಉಳಿದ ಎರಡು ‘ಎನಿ’ಗಳಾಗಿ, ಕ್ರಿಯಾಪದದ ಇಲ್ಲ ಮಾಯವಾಗುತ್ತದೆ.

ಈ ‘ನ್ಯೆ’ ಬಿಟ್ಟು ನಾನೇ ಒಮ್ಮೆ ಪೇಚಿಗೆ ಸಿಕ್ಕಿದ್ದೆ. ಕ್ರಾಕೋವ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ನೆಲಮಾಳಿಗೆಯ ಬೀಗದಕೈ ಯಾರ ಹತ್ತಿರ ಇದೆ ಎಂದು ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಮೇಲೆ ನಿಂತು ಕೇಳಿದರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನಾಲಗೆ ‘ನೋಬಡಿ ನೋಸ್’ ಎಂಬುದನ್ನು ಹಾಗೆಯೇ ತಿರುವಿ ‘ನಿಕ್ತ್ ವ್ಯೆ’ ಎಂದುಬಿಟ್ಟಿತು. ಅಜ್ಜಿ ಕಟಕಟೆಯ ಮೇಲೆ ಕೈಯಿಟ್ಟು, ಹುಬ್ಬು ಏರಿಸಿ, ನಾನು ಇನ್ನೂ ಮಾತು ಮುಗಿಸಿಲ್ಲವೆಂಬಂತೆ ಕಾಯುತ್ತ ನಿಂತರು. ‘ಯಾರಿಗೂ ಗೊತ್ತು’ ಎಂದು ಹೇಳಿ ಸುಮ್ಮನಾದವರ ಮುಂದೆ ನಾವೂ ಹಾಗೆಯೇ ನಿಲ್ಲುತ್ತಿದ್ದೆವು. ಮನೆಯೊಳಗೆ ಬಂದು ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡ ಮೇಲೆಯೇ ನನಗೆ ತಪ್ಪು ಹೊಳೆದದ್ದು.

ಆದರೂ ಕನ್ನಡ ಮತ್ತು ಪೋಲಿಷ್ ಇಲ್ಲಿ ಪೂರ್ತಿ ಒಂದೇ ಅಲ್ಲ, ಮತ್ತು ನಿಮ್ಮ ಮಕ್ಕಳ ತಪ್ಪಿಗೆ ಕಾರಣ ಆ ಅಂತರದಲ್ಲಿಯೇ ಇದೆ. ‘ಯಾರು ಬಂದಿದ್ದರು’ ಎಂದು ಕೇಳಿದರೆ ಪೋಲಿಷರು ‘ನಿಕ್ತ್’ ಎಂಬ ಒಂದು ಪದದಲ್ಲಿ ಉತ್ತರ ಮುಗಿಸಬಹುದು, ಇಂಗ್ಲಿಷಿನವರು ‘ನೋಬಡಿ’ ಎಂದು ಮುಗಿಸಬಹುದು. ನಾವು ‘ಯಾರೂ’ ಎಂದು ನಿಲ್ಲಿಸಿದರೆ ಮಾತು ಅಲ್ಲಿಯೇ ಜೋತುಬೀಳುತ್ತದೆ. ‘ಯಾರೂ ಇಲ್ಲ’ ಎನ್ನಲೇಬೇಕು. ಪೋಲಿಷಿನ ‘ನಿಕ್ತ್’ ತನ್ನ ಹೊಟ್ಟೆಯಲ್ಲಿಯೇ ನಿಷೇಧವನ್ನು ಇಟ್ಟುಕೊಂಡಿದೆ. ನಮ್ಮ ‘ಯಾರೂ’ ಎಂಬುದರಲ್ಲಿ ನಿಷೇಧವೇನೂ ಇಲ್ಲ, ನಿಷೇಧದ ಜೊತೆಗೆ ಮಾತ್ರ ಬದುಕುವ ಪದ ಅದು. ಈ ಗುಣದಲ್ಲಿ ಅದು ಇಂಗ್ಲಿಷಿನ ‘ಎನಿಒನ್’ ಪದಕ್ಕೆ ಬಹಳ ಹತ್ತಿರ. ಆದ್ದರಿಂದ ‘ಎನಿಒನ್ ಡಿಡ್ ನಾಟ್ ಕಮ್’ ಎಂದು ಬರೆದ ಮಗು ಪದದ ಅರ್ಥವನ್ನು ಸರಿಯಾಗಿಯೇ ಹಿಡಿದಿದೆ, ಎಡವಿದ್ದು ಪದಗಳ ಕ್ರಮದಲ್ಲಿ. ಇಂಗ್ಲಿಷಿನಲ್ಲಿ ನಿಷೇಧ ಮೊದಲು ಬಂದು ‘ಎನಿ’ ಅದರ ಹಿಂದಿನಿಂದ ಬರಬೇಕು. ಕನ್ನಡದಲ್ಲಿ ‘ಇಲ್ಲ’ ವಾಕ್ಯದ ಕಟ್ಟಕಡೆಗೆ ಬರುವುದರಿಂದ ಮಕ್ಕಳಿಗೆ ಆ ಕಾಳಜಿ ಗೊತ್ತಿರುವುದಿಲ್ಲ. ‘ಐ ಡಿಡ್ ನಾಟ್ ಸೀ ಎನಿಒನ್’ ಎಂಬಲ್ಲಿ ಅದೇ ಮಕ್ಕಳು ತಪ್ಪು ಮಾಡುವುದು ಕಡಿಮೆ, ನೀವೇ ಪರೀಕ್ಷಿಸಿ ನೋಡಿ. ಕರ್ತೃವಿನ ಜಾಗದಲ್ಲಿ ‘ಯಾರೂ’ ಬಂದರೆ ‘ನೋಬಡಿ’ ಬರೆದು ಕ್ರಿಯಾಪದದ ‘ನಾಟ್’ ತೆಗೆಯಬೇಕೆಂದೂ, ಕರ್ಮದ ಜಾಗದಲ್ಲಿ ‘ಯಾರನ್ನೂ’ ಬಂದರೆ ‘ನಾಟ್’ ಉಳಿಸಿಕೊಂಡು ‘ಎನಿಒನ್’ ಬರೆಯಬೇಕೆಂದೂ ಕಲಿಸಿದರೆ ಪ್ರೌಢಶಾಲೆಯ ಮಟ್ಟಕ್ಕೆ ಸಾಕಾಗುತ್ತದೆ.

ಜರ್ಮನಿಯ ಭಾಷಾವಿಜ್ಞಾನಿ ಮಾರ್ಟಿನ್ ಹಾಸ್ಪೆಲ್‌ಮಾತ್ ಅವರು ಇಂಥ ಅನಿಶ್ಚಿತ ಸರ್ವನಾಮಗಳ ಬಗ್ಗೆ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಭಾಷೆಗಳನ್ನು ವಿವರವಾಗಿ ಹೋಲಿಸಿದ್ದು, ಅವುಗಳಲ್ಲಿ ಇಂಗ್ಲಿಷ್, ಪೋಲಿಷ್ ಮತ್ತು ನಮ್ಮ ಕನ್ನಡ ಮೂರೂ ಸೇರಿವೆ. ಪ್ರಶ್ನೆಪದದಿಂದ ಇಂಥ ಪದಗಳನ್ನು ಕಟ್ಟಿಕೊಳ್ಳುವುದು ಲೋಕದ ಭಾಷೆಗಳಲ್ಲಿ ಅತಿ ಸಾಮಾನ್ಯವಾದ ರೂಢಿ ಎಂಬುದು ಅಂಥ ಹೋಲಿಕೆಗಳಿಂದ ಸ್ಪಷ್ಟವಾಗಿದೆ. ಕನ್ನಡವೂ ಪೋಲಿಷೂ ನಂಟರಲ್ಲ. ಎರಡೂ ಒಂದೇ ರೂಢಿಯ ದಾರಿಯಲ್ಲಿ ನಡೆದಿವೆ, ಅಷ್ಟೆ.

ಪ್ರಶ್ನೆ: ಕೊಲ್ಹಾಪುರದ ಹತ್ತಿರ ಒಂದು ಕಾಲಕ್ಕೆ ‘ಯಾರ್ಯಾರೋ ಪೋಲೆಂಡಿನವರು’ ಬಂದು ಇದ್ದರೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಇದು ನಿಜವೇ? ಮತ್ತು ‘ಯಾರ್ಯಾರೋ’, ‘ಏನೇನೋ’ ಎಂಬುದನ್ನು ಪೋಲಿಷಿನಲ್ಲಿ ಹೇಗೆ ಹೇಳುತ್ತಾರೆ? — ನಿಪ್ಪಾಣಿಯ ಒಬ್ಬ ಓದುಗ

ಉತ್ತರ: ಅಜ್ಜನವರ ಮಾತು ನಿಜ. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಸೋವಿಯತ್ ಒಕ್ಕೂಟಕ್ಕೆ ಗಡೀಪಾರಾಗಿದ್ದ ಪೋಲಿಷ್ ಕುಟುಂಬಗಳಲ್ಲಿ ಹಲವು, ಮುಂದೆ ಇರಾನಿನ ಮಾರ್ಗವಾಗಿ ಭಾರತಕ್ಕೆ ಬಂದವು. ಅವರಲ್ಲಿ ಸುಮಾರು 5000 ಜನರು 1943ರಿಂದ 1948ರವರೆಗೆ ಕೊಲ್ಹಾಪುರದ ಪಕ್ಕದ ವಳಿವಡೆಯ ಶಿಬಿರದಲ್ಲಿ ನೆಲೆಸಿದ್ದರು. ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಶಾಲೆ, ಚರ್ಚು ಎಲ್ಲವನ್ನೂ ಅಲ್ಲಿಯೇ ನಡೆಸಿಕೊಂಡಿದ್ದರು.

‘ಯಾರ್ಯಾರೋ’ ಎಂಬ ಜೋಡುಪದಕ್ಕೆ ಸರಿಸಮನಾದ ಒಂದು ಪದ ಪೋಲಿಷಿನಲ್ಲಿಲ್ಲ. ಪದವನ್ನು ಎರಡು ಸಲ ಹೇಳಿ ಬಹುಸಂಖ್ಯೆಯನ್ನೂ ಬಗೆಬಗೆಯನ್ನೂ ಒಟ್ಟಿಗೆ ಸೂಚಿಸುವ ಸೌಲಭ್ಯ ಅವರಿಗಿಲ್ಲದ್ದರಿಂದ ‘ಬೇರೆಬೇರೆ ಜನ’ ಎಂದು ಬಿಡಿಸಿ ಹೇಳುತ್ತಾರೆ. ‘ಏನೇನೋ’ ಎನ್ನಲು ‘ತೊ ಇ ಓವೊ’ ಎನ್ನುವುದುಂಟು. ಅದು ನೇರವಾಗಿ ನಮ್ಮ ‘ಅದೂ ಇದೂ’. ನಿಮ್ಮ ಅಜ್ಜನವರ ‘ಯಾರ್ಯಾರೋ’ ಪದದಲ್ಲಿ ತುಸು ಅಸಡ್ಡೆ ಇದ್ದಿದ್ದರೆ ಮಾತ್ರ ಬೇರೆ ಪದ ಬೇಕಾಗುತ್ತದೆ. ಕಂಡಕಂಡವರು, ಯಾರೋ ದಾರಿಹೋಕರು ಎಂಬ ಧಾಟಿಗೆ ಪೋಲಿಷಿನಲ್ಲಿ ‘ಬಿಲೆ ಕ್ತೊ’ ಇದೆ. ಸಿಕ್ಕದ್ದನ್ನು ತಿಂದೆ ಎನ್ನುವಾಗಿನ ‘ಸಿಕ್ಕದ್ದು’ ‘ಬಿಲೆ ತ್ಸೊ’ ಆಗುತ್ತದೆ. ಅದರ ಮೊದಲಿಗೆ ‘ನ್ಯೆ’ ಹಚ್ಚಿ ‘ನ್ಯೆ ಬಿಲೆ ಕ್ತೊ’ ಎಂದರೆ ಅರ್ಥ ಮೇಲೇರಿ ‘ಅಂಥಿಂಥವರಲ್ಲ’ ಎಂಬ ಹೊಗಳಿಕೆಯಾಗುತ್ತದೆ. ಇಂಗ್ಲಿಷಿನವರು ಇದಕ್ಕೂ ‘ನಾಟ್ ಜಸ್ಟ್ ಎನಿಬಡಿ’ ಎಂದು ಅದೇ ‘ಎನಿ’ಯನ್ನೇ ದುಡಿಸಿಕೊಳ್ಳುತ್ತಾರೆ.

ನಿಪ್ಪಾಣಿಯವರಾದ ನಿಮಗೆ ಮರಾಠಿಯೂ ಬರುವುದರಿಂದ ‘ಕೋಣೀತರೀ’ (ಯಾರೋ) ಮತ್ತು ‘ಕೋಣೀಹೀ’ (ಯಾರು ಬೇಕಾದರೂ, ಯಾರೂ) ಎಂಬ ಪದಗಳ ನಡುವಣ ಅಂತರ ಗೊತ್ತಿದ್ದೇ ಇರುತ್ತದೆ. ‘ಕ್ತೋಶ್’ ಮೊದಲನೆಯದಕ್ಕೆ ಹತ್ತಿರ. ಒಂದು ಎಚ್ಚರಿಕೆ ಮಾತ್ರ ಇರಲಿ. ಪೋಲಿಷಿನ ‘ಯಾಕೊಶ್’ ಎಂಬ ಪದ ಕಿವಿಗೆ ನಮ್ಮ ‘ಯಾಕೋ’ ಎಂಬಂತೆಯೇ ಕೇಳಿಸುತ್ತದೆ, ಆದರೆ ಅದರ ಅರ್ಥ ‘ಹೇಗೋ’. ಧ್ವನಿಯ ಹೋಲಿಕೆ ಕೇವಲ ಕಾಕತಾಳೀಯ. ಪೋಲಿಷರು ದಿನಕ್ಕೆ ಹತ್ತು ಸಲ ‘ಯಾಕೊಶ್ ತೊ ಬೆಂಜೆ’ ಎನ್ನುವುದನ್ನು ಕೇಳಿ, ಇವರು ಯಾಕೋ ಬೇಸರದಲ್ಲಿದ್ದಾರೆ ಎಂದು ನಾನು ಮೊದಮೊದಲು ತಿಳಿದಿದ್ದೆ. ಅವರು ಹೇಳುತ್ತಿದ್ದುದು ‘ಹೆಂಗೋ ಆಗ್ತದ ಬಿಡ್ರಿ’ ಎಂದು.